ಮೀಟರಿನ ಪಕ್ಕದ ರಾಜಕುಮಾರ

ಅನ್ನದ ಹಬೆ ಮುಖಕ್ಕೆ ಹೊಡೆಯುತ್ತಿದ್ದಾಗಲೇ ವುರ್ಯಾನಿಗೆ ಮತ್ತೆ ಆ ಸದ್ದು ಕೇಳಿಸಿತು. ಟಿಟ್, ಟಿಟ್, ಟಿಟ್. ಒಂದು ಉಸಿರು ಬಿಟ್ಟು ಮತ್ತೆ ಟಿಟ್, ಟಿಟ್, ಟಿಟ್. ತುಂಬಿಸಿದ ದುಡ್ಡು ಮುಗಿಯುತ್ತ ಬಂತೆಂದು ಜಗಲಿಯ ಗೋಡೆಯ ಕರೆಂಟ್ ಮೀಟರು ಕೂಗಿಕೊಳ್ಳುವ ಸದ್ದು. ಕ್ಲಾತೆನ್ ಪೇಟೆಯ ಅಂಚಿನ ಆ ಓಣಿಯಲ್ಲಿ ಅದರ ಅರ್ಥ ಗೊತ್ತಿಲ್ಲದ ಮಗುವೂ ಇರಲಿಲ್ಲ. ಯಾರ ಮನೆಯ ಮೀಟರು ಹೆಚ್ಚು ಹೊತ್ತು ಕೂಗುತ್ತದೋ ಆ ಮನೆಯಲ್ಲಿ ಕೈ ಬಿಗಿಯಾಗಿದೆ ಎಂದು ಎದುರು ಮನೆಯವರಿಗೆ ತಿಳಿಯುತ್ತಿತ್ತು. ಹಾಗಾಗಿ ಮರ್ಯಾದೆಗೆ ಅಂಜುವವರು ಮೊದಲ ಕೂಗಿಗೇ ಓಡಿಹೋಗಿ ರೀಚಾರ್ಜ್ ಮಾಡಿಸುತ್ತಿದ್ದರು.

"ಮಸ್! ಮೀಟರ್ ಮತ್ತೆ ಬಾಯಿ ಬಡ್ಕೋತಿದೆ!" ಎಂದು ವುರ್ಯಾನಿ ಅಡುಗೆಮನೆಯಿಂದಲೇ ಗಂಡನನ್ನು ಕರೆದಳು.

"ಕೇಳಿಸ್ತು ದಿಕ್, ತುಂಬಿಸ್ತೀನಿ," ಎಂದು, ಹೆಂಡತಿಯನ್ನು ಕರೆಯುವ ಎಂದಿನ ಮಾತಿನಲ್ಲೇ, ಜಗಲಿಯಿಂದ ಉತ್ತರ ಬಂತು.

"ಮೊನ್ನೆ ತಾನೇ ಐವತ್ತು ಸಾವಿರ ರುಪಿಯಾ ಕೊಟ್ಟಿದ್ನಲ್ಲ? ಅಷ್ಟು ಬೇಗ ಯಾರು ಕುಡಿದ್ರು ಅದನ್ನ?"

"ಎರಡೆರಡು ಕರೆಂಟ್ ಕುಕ್ಕರ್ ಒಟ್ಟಿಗೆ ಹಾಕ್ತೀಯ. ಕುಡೀದೆ ಇನ್ನೇನು ಮಾಡುತ್ತೆ?"

ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಗೆ ಕೈ ಒರೆಸಿಕೊಂಡು ಅವಳು ಹೊರಗೆ ಬಂದಳು. ಗಂಡ ಗುನಾರ್ಸೊ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಡಬ್ಬದಿಂದ ಒಂದೊಂದೇ ಕಂದು ಮಿಡತೆ ತೆಗೆದು, ಅದರ ಹಿಂಗಾಲು ಮುರಿದು ಬಟ್ಟಲಿಗೆ ಹಾಕುತ್ತಿದ್ದ. ಹಿಂಗಾಲಿನ ಮುಳ್ಳು ರಾಜಕುಮಾರನ ಗಂಟಲಿಗೆ ತಾಗಬಾರದಲ್ಲ! ಮದುವೆಯಾಗಿ ಹನ್ನೊಂದು ವರ್ಷದಲ್ಲಿ ತನಗಾಗಿ ಒಂದು ಮೀನಿನ ಮುಳ್ಳನ್ನೂ ಬಿಡಿಸದ ಮನುಷ್ಯ ಇವನು ಎಂದು ವುರ್ಯಾನಿಗೆ ಅನ್ನಿಸಿತು. ಅದನ್ನು ಅವಳು ಹಿಂದೆಯೇ ಹೇಳಿಯಾಗಿತ್ತು.

ರಾಜಕುಮಾರ ಅವನ ತಲೆಯ ಮೇಲೆ, ಮುಸುಕು ಹಾಕಿದ ಪಂಜರದಲ್ಲಿದ್ದ. ಹೆಸರೇ ಪಂಗೇರಾನ್, ಅಂದರೆ ರಾಜಕುಮಾರ. ಮುರಾಯ್ ಜಾತಿಯ ಹಾಡುಹಕ್ಕಿ. ಬೆನ್ನು ಶಾಯಿಯಷ್ಟು ಕಪ್ಪು, ಹೊಟ್ಟೆ ಇಟ್ಟಿಗೆ ಬಣ್ಣ, ದೇಹಕ್ಕಿಂತ ಉದ್ದದ ಬಾಲ. ಬೆಳಿಗ್ಗೆ ಮಿಡತೆ, ಸಂಜೆ ಮಿಡತೆ, ವಾರಕ್ಕೆರಡು ಸಲ ಚಗಳಿ ಇರುವೆಯ ಮೊಟ್ಟೆ. ಚಗಳಿ ಮೊಟ್ಟೆಯ ಬೆಲೆ ಕೋಳಿ ಮಾಂಸದ ಬೆಲೆಗಿಂತ ಮೇಲೆ. ಮೈ ತೊಳೆಸಲು ಬೇರೆ ಪಂಜರ, ಬಿಸಿಲು ಕಾಯಿಸಲು ಬೇರೆ ಹೊತ್ತು, ಗಂಟಲಿಗೆಂದು ಸಣ್ಣ ಸೀಸೆಯಲ್ಲಿ ಯಾವುದೋ ಹನಿ. ಇಷ್ಟು ಸಾಲದೆಂದು ಜೆಪಾರಾ ಊರಿನ ಕೆತ್ತನೆಯವರು ಮಾಡಿದ ಪಂಜರ ಬೇರೆ. ಸಾಗುವಾನಿ ಮರದ ಅದರ ಬುಡದ ಸುತ್ತ ಎರಡು ನಾಗಗಳು ಬಾಲಕ್ಕೆ ಬಾಲ ಸುತ್ತಿಕೊಂಡಿದ್ದವು. ಹೆಡೆಗಳಿಗೆ ಬಂಗಾರದ ಬಣ್ಣ.

"ತೀರ್ಪುಗಾರರು ಪಂಜರಾನೂ ನೋಡ್ತಾರೆ," ಎಂದಿದ್ದ ಗುನಾರ್ಸೊ ಅದನ್ನು ತಂದ ದಿನ.

"ಪಂಜರ ಹಾಡುತ್ತಾ?" ಎಂದಿದ್ದಳು ಅವಳು.

ಗುನಾರ್ಸೊ ನೀರು ಸರಬರಾಜು ಕಚೇರಿಯಲ್ಲಿ ಮೀಟರು ಓದುವವನು. ಮನೆಮನೆಗೆ ಹೋಗಿ, ಕಾಂಪೌಂಡಿನ ಮೂಲೆಯಲ್ಲಿ ಬಗ್ಗಿ, ಅಂಕಿ ಬರೆದುಕೊಂಡು ಬರುವುದು ಅವನ ಕೆಲಸ. ಬಗ್ಗಿದ ತಲೆ ಎತ್ತಿದರೆ ಪ್ರತಿ ಜಗಲಿಯಲ್ಲೂ ಪಂಜರ ಕಾಣುತ್ತಿತ್ತು. ಹಕ್ಕಿಯ ಹುಚ್ಚು ಅವನಿಗೆ ಹಾಗೆ, ಊರೆಲ್ಲ ಸುತ್ತಿ, ಸ್ವಲ್ಪ ಸ್ವಲ್ಪವಾಗಿ ಹತ್ತಿತು. ಹುಚ್ಚಿಗೆ ಲೆಕ್ಕದ ವೇಷ ಹಾಕಿಸಿಕೊಟ್ಟವರು ಓಣಿಯ ತುದಿಯ ಮನೆಯ ಜುಮಾಕಿರ್. ಅವರ ಜಗಲಿಯಲ್ಲಿ ಮುರಾಯ್ ಹಕ್ಕಿಗಳದೇ ಸಾಲು. ಮರಿ ಕೊಂಡು, ಒಂದು ಋತು ಪಾಠ ಕಲಿಸಿ, ಪಂದ್ಯದಲ್ಲಿ ಒಮ್ಮೆ ಬಾವುಟ ಗೆದ್ದರೆ ಕೊಂಡದ್ದರ ಐದು ಪಟ್ಟು ಬೆಲೆ ಎಂದು ಅವರು ಹೇಳಿದ್ದರು. ಕೆಲವರಿಗೆ ಹಾಗೆ ಬಂದಿತ್ತು ಕೂಡ. ಬಾರದವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ.

ಆ ಮಾತು ಓಣಿಗೆ ಬಂದ ತಿಂಗಳೇ ಹೆಂಗಸರ ಚೀಟಿಯಲ್ಲಿ ವುರ್ಯಾನಿಯ ಹೆಸರು ಎದ್ದಿತು. ಅವಳು ಆ ದುಡ್ಡಿಗಾಗಿ ಎರಡು ವರ್ಷದಿಂದ ಕಾಯುತ್ತಿದ್ದಳು. ಅದರಲ್ಲಿ ಒಂದು ಫ್ರೀಜರ್ ಕೊಳ್ಳಬೇಕಿತ್ತು. ಅವಳು ಊಟದ ಪೊಟ್ಟಣ ಮಾಡಿ ಮಾರುವವಳು: ಅನ್ನ, ಹುರಿದ ಕೋಳಿ, ಹುದುಗಿಸಿದ ಸೋಯಾಕಾಳಿನ ತೆಂಪೆ, ಖಾರದ ಚಟ್ನಿಯಂಥ ಸಂಬಲ್. ಶಾಲೆಯವರು, ಕಚೇರಿಯವರು ದೊಡ್ಡ ಆರ್ಡರು ಕೊಡಲು ಬಂದಾಗಲೆಲ್ಲ, ಅಷ್ಟು ಕೋಳಿಯನ್ನು ಮೊದಲೇ ತಂದು ಮಸಾಲೆಯಲ್ಲಿ ಬೇಯಿಸಿ ಇಡಲು ಜಾಗವಿಲ್ಲದೆ ಕೈಮುಗಿದು ಕಳಿಸುತ್ತಿದ್ದಳು. ಫ್ರೀಜರ್ ಒಂದಿದ್ದರೆ ಅವಳ ಒಲೆಗೆ ವರ್ಷವಿಡೀ ಕೆಲಸ.

"ಒಂದೇ ಒಂದು ಋತು, ದಿಕ್," ಎಂದು ಗುನಾರ್ಸೊ ಅವಳ ಮುಂದೆ ಮಂಡಿಯೂರಿ ಕೂತಿದ್ದ. "ಈಗ ಕೊಂಡ್ರೆ ಸಣ್ಣ ಫ್ರೀಜರ್. ಆಮೇಲೆ ಕೊಂಡ್ರೆ ಎರಡು ಬಾಗಿಲಿಂದು."

ಎರಡು ಬಾಗಿಲು ಎಂಬ ಮಾತು ಅವಳ ಮನಸ್ಸಿನಲ್ಲಿ ಒಂದು ಕ್ಷಣ ತೆರೆದುಕೊಂಡಿದ್ದು ನಿಜ, ದುಡ್ಡು ಅವನ ಕೈಗೆ ಹೋದದ್ದೂ ನಿಜ. ಆ ಕ್ಷಣಕ್ಕೆ ಅವಳು ತನ್ನನ್ನು ತಾನು ಇನ್ನೂ ಬೈದುಕೊಳ್ಳುತ್ತಿದ್ದಳು. ಚೀಟಿಯ ದುಡ್ಡು ಎತ್ತಿದವರು ಸುತ್ತು ಮುಗಿಯುವ ತನಕ ತಿಂಗಳ ಕಂತು ಕಟ್ಟಲೇಬೇಕು. ಹಾಗಾಗಿ ಪ್ರತಿ ತಿಂಗಳೂ ಕಂತು ಹಿಡಿದು ಹೋಗುತ್ತಿದ್ದಳು, ಪ್ರತಿ ತಿಂಗಳೂ ಚೀಟಿ ನಡೆಸುವ ಬು ಲಾಸ್ಮಿನಿ, ಅಂದರೆ ಲಾಸ್ಮಿನಿಯಮ್ಮ, ತಟ್ಟೆಯಲ್ಲಿ ಕರಿದ ಬಾಳೆಹಣ್ಣು ಮುಂದಿಡುತ್ತ ಕೇಳುತ್ತಿದ್ದಳು: "ಫ್ರೀಜರ್ ಹೇಗಿದೆ ಬು ವುರ್? ತಣ್ಣಗಿದೆ ತಾನೇ?"

"ಹಾಡ್ತಾ ಇದೆ," ಎಂದು ಒಮ್ಮೆ ಉತ್ತರ ಕೊಟ್ಟು, ಹೆಂಗಸರೆಲ್ಲ ನಕ್ಕ ಮೇಲೆ ತಾನೂ ನಗಬೇಕಾಗಿ ಬಂದಿತ್ತು.

ಈಗ ಆ ಋತು ಮುಗಿಯುತ್ತ ಬಂದಿತ್ತು. ಭಾನುವಾರ ಪಂದ್ಯ. ಸೆಮಾರಾಂಗ್ ಪಟ್ಟಣದಿಂದ ಪಕ್ ವಿಬಾವ, ಅಂದರೆ ವಿಬಾವ ಯಜಮಾನರು, ಎಂಬ ದೊಡ್ಡ ಗಿರಾಕಿ ಬರುವವರಿದ್ದರು. ಜುಮಾಕಿರ್ ಮೂಲಕ ಮಾತಾಗಿತ್ತು. ಹಕ್ಕಿ ಕಣಕ್ಕಿಳಿದು ಹಾಡುವುದನ್ನು ನೋಡಿದರೆ ಅಲ್ಲೇ ದುಡ್ಡು.

ವುರ್ಯಾನಿ ಪರ್ಸಿನಿಂದ ಐವತ್ತು ಸಾವಿರದ ನೋಟು ತೆಗೆದು ಗಂಡನ ಕೈಗೆ ಕೊಟ್ಟಳು. ರೀಚಾರ್ಜ್ ತರುವುದು, ಅದರ ರಸೀದಿಯ ಉದ್ದದ ಅಂಕಿಯನ್ನು ಮೀಟರಿಗೆ ಒತ್ತುವುದು ಎಂದಿನಿಂದಲೂ ಅವನ ಕೆಲಸ. "ಇವತ್ತಿಂದ ಫ್ಯಾನ್ ಹಾಕಲ್ಲ ನಾನು," ಎಂದಳು. "ಒಂದು ಕುಕ್ಕರ್ ಆದ್ಮೇಲೇ ಇನ್ನೊಂದು. ಅದಕ್ಕೆ ನಾನು ಇನ್ನೂ ಬೇಗ ಏಳ್ಬೇಕು, ಏಳ್ತೀನಿ. ಭಾನುವಾರದ ತನಕ."

ಗುನಾರ್ಸೊ ನೋಟನ್ನು ಮಡಿಸಿ ಜೇಬಿಗಿಟ್ಟುಕೊಂಡ. ಮುಖ ಎತ್ತಲಿಲ್ಲ. ಒಂದು ಮಿಡತೆಯ ಕಾಲನ್ನು ಬಹಳ ನಿಧಾನವಾಗಿ ಮುರಿದ.

*

ಪಂದ್ಯ ನಡೆದದ್ದು ಅಕ್ಕಿ ಗಿರಣಿಯ ಪಕ್ಕದ ಬಯಲಿನಲ್ಲಿ. ಕಬ್ಬಿಣದ ಚೌಕಟ್ಟಿಗೆ ಕೊಕ್ಕೆಗಳು, ಪ್ರತಿ ಕೊಕ್ಕೆಗೆ ಒಂದು ಪಂಜರ. ಕೆಳಗೆ ಬಾವುಟ ಹಿಡಿದ ತೀರ್ಪುಗಾರರು. ಹಗ್ಗದ ಈಚೆ ಗಂಡಸರ ಗುಂಪು. ಇನ್ನೊಬ್ಬರ ಹಕ್ಕಿಯನ್ನು ಯಾರೂ ನೋಡುತ್ತಿರಲಿಲ್ಲ. ಪ್ರತಿಯೊಬ್ಬನೂ ತನ್ನ ಹಕ್ಕಿಗೆ ಸಿಳ್ಳೆ ಹಾಕುತ್ತ, ಚಿಟಿಕೆ ಹೊಡೆಯುತ್ತ, ಪರೀಕ್ಷೆ ಬರೆಯುತ್ತಿರುವ ಮಗನಿಗೆ ಕಿಟಕಿಯಿಂದ ಉತ್ತರ ಹೇಳಿಕೊಡುವವನ ಹಾಗೆ ಕುತ್ತಿಗೆ ಚಾಚಿ ನಿಂತಿದ್ದ.

ವುರ್ಯಾನಿ ಊಟದ ಪೊಟ್ಟಣಗಳ ಬುಟ್ಟಿಯೊಂದಿಗೆ ಬಂದಿದ್ದಳು. ಮಾರಾಟಕ್ಕೆ ಎಂದು ಹೇಳಿದ್ದಳು. ನಿಜವಾಗಿ ಬಂದದ್ದು ಪಕ್ ವಿಬಾವರ ಕೈಯಿಂದ ಹೊರಡುವ ದುಡ್ಡು ದಾರಿಯಲ್ಲಿ ಇನ್ನೊಂದು ಹಕ್ಕಿಯಾಗದಂತೆ ನೋಡಿಕೊಳ್ಳಲು. ಬೆರಳಿಗೊಂದು ದಪ್ಪ ಹರಳಿನ ಉಂಗುರ ತೊಟ್ಟ ಆ ಗಿರಾಕಿ ಜುಮಾಕಿರ್ ಪಕ್ಕದಲ್ಲಿ ನಿಂತು ಅವಳ ಬುಟ್ಟಿಯಿಂದಲೇ ಒಂದು ಪೊಟ್ಟಣ ಕೊಂಡು ತಿನ್ನುತ್ತಿದ್ದರು.

"ಸಂಬಲ್ ಚೆನ್ನಾಗಿದೆ ಬು," ಎಂದರು.

"ಹಕ್ಕಿ ಇನ್ನೂ ಚೆನ್ನಾಗಿದೆ ಪಕ್," ಎಂದಳು ವುರ್ಯಾನಿ. ಹೇಳಿದ ಮೇಲೆ ತನ್ನ ಬಾಯಿಂದ ಈ ಮಾತು ಬಂತೇ ಎಂದು ಅವಳಿಗೇ ಆಶ್ಚರ್ಯವಾಯಿತು.

ಗುನಾರ್ಸೊ ಮುಸುಕು ತೆಗೆದ. ಪಂಗೇರಾನ್ ಒಮ್ಮೆ ಮೈ ಕೊಡವಿತು, ಬಾಲವನ್ನು ಮೇಲೆತ್ತಿ ಕೆಳಗಿಳಿಸಿತು, ಹಾಡತೊಡಗಿತು. ಹಕ್ಕಿಯ ವಿಷಯದಲ್ಲಿ ವುರ್ಯಾನಿಗೆ ಕಿವಿ ಇರಲಿಲ್ಲ, ಇರುವ ಆಸೆಯೂ ಇರಲಿಲ್ಲ. ಆದರೂ ಆ ಹಾಡಿಗೆ ಅವಳ ಕೈ ಬುಟ್ಟಿಯ ಮೇಲೆ ನಿಂತಿತು. ನೀರು ಕಲ್ಲಿಂದ ಕಲ್ಲಿಗೆ ಹಾರಿದಂತೆ ಒಂದು ಸ್ವರ, ಅದರ ಬೆನ್ನಿಗೆ ಗುಬ್ಬಿಗಳ ಜಗಳದಂಥ ಇನ್ನೊಂದು, ಮಧ್ಯೆ ಉಸಿರಿಗೂ ಜಾಗವಿಲ್ಲ. ಸುತ್ತಲಿನ ಹಕ್ಕಿಗಳು ಒಂದೊಂದಾಗಿ ಸುಮ್ಮನಾದವು. ಒಬ್ಬ ತೀರ್ಪುಗಾರ ಪಂಜರದ ಕೆಳಗೆ ಬಾವುಟ ನೆಟ್ಟ. ಇನ್ನೊಬ್ಬ ಅತ್ತಲೇ ಬಂದ. ಪಕ್ ವಿಬಾವ ತಿನ್ನುವುದನ್ನು ನಿಲ್ಲಿಸಿದರು. ವುರ್ಯಾನಿಗೆ ಎರಡು ಬಾಗಿಲೂ ಕಂಡವು, ಒಳಗೆ ಸಾಲಾಗಿ ಜೋಡಿಸಿದ ಕೋಳಿಯೂ ಕಂಡಿತು.

ಆಗ ಪಂಗೇರಾನ್ ಹಾಡು ನಿಲ್ಲಿಸಿ, ಎದೆ ಉಬ್ಬಿಸಿ, ಕೊರಳು ನೇರ ಮಾಡಿ, ಅತ್ಯಂತ ಸ್ಪಷ್ಟವಾಗಿ ಹೇಳಿತು:

ಟಿಟ್, ಟಿಟ್, ಟಿಟ್.

ಹಗ್ಗದ ಈಚೆ ನಿಂತಿದ್ದ ಇಬ್ಬರು ಅಭ್ಯಾಸಬಲದಿಂದ, ರೀಚಾರ್ಜ್ ಮಾಡಲು, ಮೊಬೈಲಿಗೆಂದು ಜೇಬಿಗೆ ಕೈ ಹಾಕಿದರು.

ಟಿಟ್, ಟಿಟ್, ಟಿಟ್.

"ಯಾರ ಮನೆ ಕರೆಂಟ್ ಮುಗೀತಪ್ಪಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

ನಗು ಎಲ್ಲಿಂದ ಶುರುವಾಯಿತೋ, ಗಿರಣಿಯ ಗೋಡೆಯ ತನಕ ಹೋಗಿ ವಾಪಸು ಬಂತು. "ಮಸ್ ಗುನ್, ಹಕ್ಕಿಗೆ ಇಪ್ಪತ್ತು ಸಾವಿರದ್ದಾದ್ರೂ ಹಾಕ್ಸಿ!" "ಮಿಡತೆ ಬೇಡ ಮಾರಾಯ, ಬಲ್ಬ್ ತಿನ್ಸು!" "ಲೋ, ಊರೋರ ಮೀಟರೆಲ್ಲ ಓದ್ತಾನೆ, ಮನೇದನ್ನ ಹಕ್ಕಿ ಕೈಲಿ ಓದಿಸ್ತಾನೆ!" ತೀರ್ಪುಗಾರನೂ ಮುಖ ತಿರುಗಿಸಿ ನಕ್ಕು, ನೆಟ್ಟ ಬಾವುಟವನ್ನು ಕಿತ್ತುಕೊಂಡ. ನಗು ಕೇಳಿ ಉತ್ಸಾಹಗೊಂಡ ಪಂಗೇರಾನ್ ತಾನು ಬಲ್ಲ ಉಳಿದೆಲ್ಲ ಸ್ವರಗಳನ್ನು ಬಿಟ್ಟು ಅದೊಂದನ್ನೇ ಹಿಡಿಯಿತು.

ಪಕ್ ವಿಬಾವ ಖಾಲಿ ಪೊಟ್ಟಣವನ್ನು ನೀಟಾಗಿ ಮಡಿಸಿದರು. "ದನಿ ಒಳ್ಳೇದಿದೆ," ಎಂದರು ಬಹಳ ಮೆತ್ತಗೆ. "ಇನ್ನೊಂದು ಸಲ ಈ ಕಡೆ ಬಂದಾಗ ಖಂಡಿತ ನೋಡ್ತೀನಿ." ಆ ಸೀಮೆಯಲ್ಲಿ ಇದಕ್ಕಿಂತ ಗಟ್ಟಿಯಾಗಿ ಯಾರೂ 'ಬೇಡ' ಎನ್ನುವುದಿಲ್ಲ.

*

ಮನೆಗೆ ಹೋಗುವಾಗ ಗುನಾರ್ಸೊ ಬೈಕು ಓಡಿಸಿದ, ವುರ್ಯಾನಿ ಹಿಂದೆ ನಾಗಗಳ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸಿಗ್ನಲ್ಲಿನಲ್ಲಿ ನಿಂತಾಗ ಮುಸುಕಿನೊಳಗಿಂದ ಟಿಟ್, ಟಿಟ್, ಟಿಟ್ ಎಂದಿತು. ಪಕ್ಕದ ಬೈಕಿನವನು ತಿರುಗಿ ಅವಳನ್ನು ನೋಡಿದ.

"ಹಕ್ಕಿ," ಎಂದಳು ವುರ್ಯಾನಿ.

ಅದು ಹೇಗೆ ಕಲಿಯಿತು ಎಂಬುದು ಅವಳಿಗೆ ದಾರಿಯಲ್ಲೇ ಹೊಳೆದಿತ್ತು. ಎಳೆಯ ಮುರಾಯ್‌ಗೆ ಹಾಡು ಕಲಿಸುವ ಕ್ರಮವನ್ನು ಗುನಾರ್ಸೊ ಅವಳಿಗೆ ನೂರು ಸಲ ವಿವರಿಸಿದ್ದ. ಕಣ್ಣಿಗೆ ಬೇರೇನೂ ಕಾಣದಂತೆ ಪಂಜರಕ್ಕೆ ಮುಸುಕು ಹಾಕಬೇಕು. ಒಳ್ಳೆಯ ಹಾಡಿನ ಹಕ್ಕಿಯ ಪಕ್ಕ ಇಡಬೇಕು, ವಾರಗಟ್ಟಲೆ. ಕತ್ತಲೆಯಲ್ಲಿ ಕೂತ ಮರಿಗೆ ಕೇಳುವುದೇ ಪ್ರಪಂಚ. ಯಾವುದು ಒಂದೇ ಸಮನೆ, ಒಂದೇ ಅಳತೆಯಲ್ಲಿ ಮರುಕಳಿಸುತ್ತದೋ ಅದು ಗಂಟಲಲ್ಲಿ ಕೂರುತ್ತದೆ. ಇವನು ಮರಿ ತಂದ ತಿಂಗಳು ಮನೆಯಲ್ಲಿ ಕಾಸಿರಲಿಲ್ಲ. ಎಲ್ಲ ಹಕ್ಕಿಗೆ, ಪಂಜರಕ್ಕೆ ಹೋಗಿತ್ತು. ಸಂಬಳ ಬರುವ ತನಕ, ಚಿಲ್ಲರೆ ದುಡ್ಡಷ್ಟೇ ತುಂಬಿಸಿದ ಮೀಟರು ವಾರಕ್ಕಿಂತ ಹೆಚ್ಚು ಕಾಲ ಹಗಲು ರಾತ್ರಿ ಕೂಗಿತ್ತು. ಮತ್ತು ಈ ಮಹಾನುಭಾವ, ಮಳೆ ತಾಗದ ಬೆಚ್ಚನೆಯ ಜಾಗವೆಂದು, ಮುಸುಕು ಹಾಕಿದ ಪಂಜರವನ್ನು ನೇತುಹಾಕಿದ್ದು ಆ ಮೀಟರಿನ ಪಕ್ಕದ ಮೊಳೆಗೆ. ಪಾಠ ಹೇಳಲು ಮೀಟರಿಗಿಂತ ಶಿಸ್ತಿನ ಮೇಷ್ಟರು ಇನ್ನೆಲ್ಲಿ ಸಿಗುತ್ತಾರೆ?

ಇಷ್ಟರ ತನಕ ಅವಳಿಗೆ ನಗುವೂ ಸಿಟ್ಟೂ ಅರ್ಧರ್ಧ ಇತ್ತು. ಮನೆಯ ಮೆಟ್ಟಿಲು ಹತ್ತುವಾಗ ಇನ್ನೊಂದು ಯೋಚನೆ ಬಂತು, ನಗು ಆರಿತು. ಇತ್ತೀಚೆಗೆ ಕೇಳಿದ ಕೂಗುಗಳಲ್ಲಿ ಎಷ್ಟು ಮೀಟರಿನದು? ಎಷ್ಟು ಹಕ್ಕಿಯದು? ಪ್ರತಿ ಕೂಗಿಗೂ ತಾನು ನೋಟು ಕೊಟ್ಟಾಗಿತ್ತು. ಆ ನೋಟೆಲ್ಲ ಮೀಟರಿಗೆ ಹೋಗಿದ್ದರೆ ಈಗ ಅದರಲ್ಲಿ ಮಳೆಗಾಲ ಕಳೆಯುವಷ್ಟು ಕರೆಂಟ್ ಇರಬೇಕು.

ಅವಳು ಪ್ಲಾಸ್ಟಿಕ್ ಸ್ಟೂಲು ಎಳೆದು, ಹತ್ತಿ ನಿಂತು, ಮೀಟರಿನ ಮುಖ ಒರೆಸಿ ಓದಿದಳು. ಕೆಂಪು ದೀಪ ಇರಲಿಲ್ಲ. ಅಂಕಿ ಕಡಿಮೆಯೂ ಇರಲಿಲ್ಲ, ಹೆಚ್ಚೂ ಇರಲಿಲ್ಲ. ಒಂದು ಸಾಧಾರಣ ಮನೆಯಲ್ಲಿ ಒಂದು ಸಾಧಾರಣ ರೀಚಾರ್ಜ್ ಅರ್ಧ ಮುಗಿದಾಗ ಇರುವಷ್ಟಿತ್ತು.

ಸ್ಟೂಲಿನ ಮೇಲಿಂದಲೇ ತಿರುಗಿದಳು. "ಮಸ್."

ಗುನಾರ್ಸೊ ಬೈಕಿನ ಕನ್ನಡಿಯಲ್ಲಿ ಇಲ್ಲದ ಕೊಳೆಯನ್ನು ಒರೆಸುತ್ತಿದ್ದ.

"ಮಸ್, ನಿಮಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಕೂಗೋದು ಹಕ್ಕಿ ಅಂತ. ಯಾವಾಗಿಂದ ಗೊತ್ತಿತ್ತು?"

ಅವನು ಬಟ್ಟೆ ಮಡಿಸಿದ. ಬಿಚ್ಚಿದ. "ಮೊದಲನೇ ಸಲ ನಿಜವಾಗ್ಲೂ ರೀಚಾರ್ಜ್ ತಂದೆ ದಿಕ್. ಒತ್ತೋಕೆ ಹೋದ್ರೆ ಮೀಟರ್ ತುಂಬಾ ಇದೆ. ಹಿಂದಿಂದ ಟಿಟ್ ಟಿಟ್ ಅಂತಿದೆ. ನನ್ನ ಎದೆ ಒಡೆದು ಹೋಯ್ತು."

"ನಿಮ್ಮ ಎದೆ! ಆಮೇಲಿನ ದುಡ್ಡು?"

"ಮರೆಸೋಕೆ ಖರ್ಚು ಮಾಡಿದೆ. ಪಕ್ ಜುಮಾಕಿರ್ ಹತ್ರ ಒಂದು ಮೇಷ್ಟ್ರು ಹಕ್ಕಿ ಬಾಡಿಗೆಗೆ ತಂದೆ. ಒಳ್ಳೆ ಊಟ ಕೊಟ್ರೆ ಕೆಟ್ಟ ಸ್ವರ ಬಿಡುತ್ತೆ ಅಂದ್ರು, ಚಗಳಿ ಮೊಟ್ಟೆ ಜಾಸ್ತಿ ಮಾಡಿದೆ. ಬಿಸಿಲಲ್ಲಿ ಕೂಗ್ತಿರಲಿಲ್ಲ, ಬೆಳಗಿನ ಜಾವ ಮಾತ್ರ. ಇವತ್ತು ಕೂಗಲ್ಲ ಅಂದ್ಕೊಂಡೆ. ಮಾರಿದ್ಮೇಲೆ ಎಲ್ಲ ಸೇರಿಸಿ ನಿನ್ನ ಕೈಲಿ ಇಡೋಣ ಅಂತ..."

ವುರ್ಯಾನಿ ಸ್ಟೂಲಿನಿಂದ ಇಳಿದಳು. ಕಿರುಚಬೇಕು ಅನ್ನಿಸಿತು, ಎದುರು ಮನೆಯ ಪರದೆ ಆಗಲೇ ಅಲ್ಲಾಡುತ್ತಿತ್ತು. ದನಿ ಇಳಿಸಿದಳು, ಅದಕ್ಕೇ ಮಾತು ಇನ್ನಷ್ಟು ಹರಿತವಾಯಿತು.

"ನಾನು ಫ್ಯಾನ್ ಹಾಕ್ಲಿಲ್ಲ ಮಸ್. ಒಲೆ ಮುಂದೆ, ಈ ಸೆಕೇಲಿ, ಫ್ಯಾನ್ ಹಾಕ್ಲಿಲ್ಲ. ಕುಕ್ಕರ್ ತಪ್ಪು ಅಂದ್ರಿ, ನಂಬಿದೆ. ಬೆಳಗಾಗೋಕೆ ಮುಂಚೆ ಎದ್ದು ಕತ್ಲಲ್ಲಿ ಕೋಳಿ ತೊಳೆದೆ, ದೀಪ ಉಳೀಲಿ ಅಂತ. ನಿಮ್ಮ ರಾಜಕುಮಾರ ಕೂತಲ್ಲೇ ಕೂಗಿ ಚಗಳಿ ಮೊಟ್ಟೆ ತರಿಸ್ಕೊಂಡು ತಿಂದ. ಹಕ್ಕೀನ ಬೈಯಲ್ಲ ನಾನು. ಹಸಿವಾದ್ರೆ ಕೂಗೋದು ಅಂತ ಅದಕ್ಕೆ ಚೆನ್ನಾಗಿ ಅರ್ಥ ಆಗಿದೆ. ಈ ಮನೇಲಿ ಅಷ್ಟು ಬುದ್ಧಿ ಇರೋದು ಅದೊಂದಕ್ಕೇ."

"ಬಿಟ್ಟುಬಿಡ್ತೀನಿ," ಎಂದ ಗುನಾರ್ಸೊ. ಕಣ್ಣು ಒದ್ದೆಯಾಗಿತ್ತು. "ಈಗಲೇ ಬಾಗಿಲು ತೆಗೆದು ಹಾರಿಸಿಬಿಡ್ತೀನಿ. ಪೀಡೆ ಹೋಗ್ಲಿ."

"ಎಲ್ಲಿಗೆ ಹಾರುತ್ತೆ? ಕಾಲಿಗೆ ಸಾಕೋರ ಗುರುತಿನ ಬಳೆ ಹಾಕ್ಕೊಂಡು ಪಂಜರದಲ್ಲೇ ಹುಟ್ಟಿದ್ದು ಅದು. ನೀವು ಕಾಲು ಮುರಿದು ಕೊಟ್ಟ ಮಿಡತೆ ತಿಂದು ಬೆಳೆದದ್ದು. ಹೊರಗೆ ಕಾಲಿರೋ ಮಿಡತೆ ಹಿಡಿಯೋಕೆ ಬರುತ್ತಾ ಅದಕ್ಕೆ? ನಾಳೆ ಬು ಲಾಸ್ಮಿನಿ ಬೆಕ್ಕಿನ ಬಾಯಲ್ಲಿ ಇರುತ್ತೆ. ನನ್ನ ಚೀಟಿ ದುಡ್ಡು ಪೂರ್ತಿ ಬೆಕ್ಕಿನ ಬಾಯಲ್ಲಿ!"

*

ಮರುದಿನ ಗುನಾರ್ಸೊ ರಜೆ ಹಾಕಿ ಹಕ್ಕಿಯನ್ನು ಪೇಟೆಯ ಹಕ್ಕಿ ಸಂತೆಗೆ ಒಯ್ದ. ಮಧ್ಯಾಹ್ನ ಅದರೊಂದಿಗೇ ವಾಪಸು ಬಂದ. ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಒಬ್ಬ ವ್ಯಾಪಾರಿ ಒಂದು ಪೊಟ್ಟಣ ಊಟದ ಬೆಲೆ ಹೇಳಿದ್ದ, ಅದೂ ತಮಾಷೆಗೆ. ಉಳಿದವರು ಪಂಜರವನ್ನು ತಮ್ಮ ಅಂಗಡಿಯ ಮುಂದೆ ಕೆಳಗಿಡಲೂ ಬಿಡಲಿಲ್ಲ. ಎಳೆ ಹಕ್ಕಿಗಳು ಕೇಳಿ ಕಲಿತರೆ ಸಂತೆಯ ಸಂತೆಯೇ ಟಿಟ್ ಟಿಟ್ ಎನ್ನುತ್ತದೆಂಬ ಅವರ ಭಯದಲ್ಲಿ ತಪ್ಪಿರಲಿಲ್ಲ.

ಅದೇ ಭಯ ಸಂಜೆಯ ಹೊತ್ತಿಗೆ ಜುಮಾಕಿರ್ ಅವರನ್ನು ಮನೆಗೆ ಕರೆತಂದಿತು. ತಲೆಯ ಮೇಲೆ ಕಪ್ಪು ಟೋಪಿ, ಕೈಯಲ್ಲಿ ಸಪೋಟದ ಚೀಲ. ಬಂದವರು ಮಳೆಯ ಬಗ್ಗೆ ಮಾತಾಡಿದರು. ಬೆನ್ನು ನೋವಿನ ಬಗ್ಗೆ ಮಾತಾಡಿದರು. ವುರ್ಯಾನಿ ಸಕ್ಕರೆ ಹಾಕಿದ ಬಿಸಿ ಚಹಾ ತಂದಿಟ್ಟಳು. ಅರ್ಧ ಲೋಟ ಕುಡಿದ ಮೇಲೆ ವಿಷಯ ಬಂತು.

"ಬು ವುರ್, ತಪ್ಪು ತಿಳೀಬೇಡಿ. ಗಾಳಿ ನಿಮ್ಮ ಕಡೆಯಿಂದ ನಮ್ಮ ಕಡೆ ಬೀಸುತ್ತಲ್ಲ, ಬೆಳಿಗ್ಗೆ ಹೊತ್ತು ಸದ್ದು ಸ್ವಲ್ಪ ಬರುತ್ತೆ. ನನ್ನ ಮರಿಗಳು ಇನ್ನೂ ಚಿಕ್ಕವು... ಪಂಜರಾನ ಹಿತ್ತಲಿಗೆ ಹಾಕಿದ್ರೆ..."

"ಹಿತ್ತಲಲ್ಲಿ ಇರೋದು ನನ್ನ ಅಡುಗೆಮನೆ ಪಕ್. ಅಲ್ಲಿದ್ರೆ ಕೋಳಿ ಹುರಿಯೋ ಸದ್ದು ಕಲಿಯುತ್ತೆ. ಅದಾದ್ರೂ ಪರವಾಗಿಲ್ಲ ಬಿಡಿ, ಗಿರಾಕಿ ಕರೆಯುತ್ತೆ."

ಜುಮಾಕಿರ್ ನಗಲೋ ಬೇಡವೋ ಎಂದು ಗುನಾರ್ಸೊನ ಮುಖ ನೋಡಿದರು. ಅಲ್ಲಿ ಸಹಾಯ ಸಿಗಲಿಲ್ಲ. ಎದ್ದು ಪಂಜರದ ಹತ್ತಿರ ಹೋದರು. ಹಕ್ಕಿಯತ್ತ ಅವರ ಕಣ್ಣು ಹೋಗಲಿಲ್ಲ. ಹೆಬ್ಬೆರಳು ಮಾತ್ರ ನಾಗದ ಹೆಡೆಯ ಮೇಲೆ ನಿಧಾನವಾಗಿ ಆಡಿತು, ಒಂದು ಸಲ, ಮತ್ತೊಂದು ಸಲ. ವುರ್ಯಾನಿ ಅದನ್ನು ನೋಡಿದಳು. ಮಾರ್ಕೆಟ್ಟಿನಲ್ಲಿ ಹೀರೇಕಾಯಿ ಬೇಡವೆನ್ನುತ್ತಲೇ ಅದರ ತೊಟ್ಟು ಹಿಡಿದು ನಿಂತ ಗಿರಾಕಿಯ ಬೆರಳು ಅವಳಿಗೆ ಗೊತ್ತಿತ್ತು.

"ಪಂಜರ ಚೆನ್ನಾಗಿದೆ ಅಲ್ವಾ ಪಕ್?"

"ಕೆಲಸ ಇದೆ ಇದರಲ್ಲಿ. ಈಗ ಇಂಥ ಕೈ ಸಿಗಲ್ಲ."

"ತಗೊಂಡು ಹೋಗಿ."

"ದಿಕ್!" ಎಂದ ಗುನಾರ್ಸೊ.

ವುರ್ಯಾನಿ ಗಂಡನತ್ತ ತಿರುಗಲಿಲ್ಲ. ರೈಲು ನಿಲ್ದಾಣದ ಹಿಂದೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದು ಫ್ರೀಜರ್ ಇತ್ತು. ಐಸ್ ಮಾರುವವನೊಬ್ಬ ಅಂಗಡಿ ಮುಚ್ಚಿ ಕೊಟ್ಟುಹೋದದ್ದು. ಒಂದು ಮೂಲೆ ತುಕ್ಕು ಹಿಡಿದಿತ್ತು, ಬಾಗಿಲು ಒಂದೇ. ಅವಳು ಹೋದಾಗಲೆಲ್ಲ ಅದರ ಬೆಲೆ ಕೇಳಿ ಬರುತ್ತಿದ್ದಳು. ಆ ಬೆಲೆಯನ್ನೇ, ಸಾಗಿಸುವ ಗಾಡಿಯ ಬಾಡಿಗೆಯನ್ನೂ ಸೇರಿಸಿ, ಈಗ ಜುಮಾಕಿರ್ ಮುಂದಿಟ್ಟಳು.

"ಅಯ್ಯೋ, ಅಷ್ಟಾಗುತ್ತಾ ಬು, ಹಳೇ ಪಂಜರ..."

"ಹಾಗಾದ್ರೆ ಬೇಡ ಬಿಡಿ. ಜಗಲೀಲೇ ಇರುತ್ತೆ. ಗಾಳಿನೂ ಬೀಸ್ತಿರುತ್ತೆ."

ಪಂಗೇರಾನ್ ಇದೇ ಸಮಯವೆಂಬಂತೆ ಬಾಯಿ ತೆರೆಯಿತು. ಟಿಟ್, ಟಿಟ್, ಟಿಟ್. ಜುಮಾಕಿರ್ ಓಣಿಯ ತುದಿಯ ತಮ್ಮ ಮನೆಯತ್ತ ಒಮ್ಮೆ ನೋಡಿದರು.

"ಹಕ್ಕೀನ ಹಿತ್ತಲಿಗೆ ಹಾಕ್ತೀರಿ ತಾನೇ?"

"ನಿಮ್ಮ ಮರಿಗಳಿಗೆ ಉಸಿರೂ ಕೇಳಿಸದ ಹಾಗೆ."

"ನಾಳೆ ದುಡ್ಡು ತರ್ತೀನಿ," ಎಂದರು ಜುಮಾಕಿರ್, ಲೋಟದಲ್ಲಿ ಉಳಿದ ಚಹಾ ಕುಡಿಯದೆಯೇ.

ಅವರು ಹೋದ ಮೇಲೆ ಗುನಾರ್ಸೊ ಬಹಳ ಹೊತ್ತು ಪಂಜರದ ಕೆಳಗೆ ನಿಂತಿದ್ದ. "ಅದನ್ನ ಕೊಂಡಾಗ ಇದರ ಎರಡರಷ್ಟು ಕೊಟ್ಟಿದ್ದೆ," ಎಂದ.

"ಗೊತ್ತು. ಆ ತಿಂಗಳು ಮೀಟರ್ ಯಾಕೆ ಅಷ್ಟು ದಿನ ಕೂಗ್ತು ಅಂದ್ಕೊಂಡಿದ್ದೀರಿ?"

"ಹಕ್ಕೀನ ಎಲ್ಲಿಡೋದು ಹಾಗಾದ್ರೆ?"

"ಬಿದಿರಿಂದು ಒಂದು ತನ್ನಿ, ಸಂತೇಲಿ ಸಿಗುತ್ತೆ. ಅದಕ್ಕೆ ನಾಗ ಕಾಣುತ್ತಾ, ಬಂಗಾರ ಕಾಣುತ್ತಾ? ಅದನ್ನೆಲ್ಲ ನೋಡ್ತಿದ್ದೋರು ನೀವು." ಅವಳು ಲೋಟಗಳನ್ನು ಎತ್ತಿಕೊಂಡಳು. ಒಳಗೆ ಹೋಗುತ್ತ ಬಾಗಿಲಲ್ಲಿ ನಿಂತಳು. "ಮತ್ತೆ ಕೇಳಿಸ್ಕೊಳ್ಳಿ. ತಂದೋರು ನೀವು, ಸಾಕೋರು ನೀವು. ಅದು ಇನ್ನೂ ಹತ್ತು ವರ್ಷ ಬದುಕಬಹುದು, ಬದುಕಲಿ, ನಾನು ಬೇಡ ಅನ್ನಲ್ಲ. ಆದ್ರೆ ಮಿಡತೆ ದುಡ್ಡು ನಿಮ್ಮ ಸಿಗರೇಟ್ ದುಡ್ಡಲ್ಲಿ. ಚಗಳಿ ಮೊಟ್ಟೆ ಹಬ್ಬಕ್ಕೆ. ನನ್ನ ಪರ್ಸ್ ಕಡೆ ಅದು ಕೂಗಿದ್ರೂ ಅಷ್ಟೆ, ನೀವು ಕೂಗಿದ್ರೂ ಅಷ್ಟೆ."

*

ಫ್ರೀಜರ್ ಬಂತು. ಬಾಗಿಲು ಮುಚ್ಚಬೇಕಾದರೆ ಮೊಣಕಾಲಿನಿಂದ ಒಮ್ಮೆ ಗುದ್ದಬೇಕಿತ್ತು. ಮುಚ್ಚಿದ ಮೇಲೆ ಮುದಿ ಎಮ್ಮೆಯಂತೆ ಗುರುಗುಟ್ಟುತ್ತಿತ್ತು. ಆದರೆ ತಣ್ಣಗಿತ್ತು. ವುರ್ಯಾನಿ ಅದರ ಮೇಲೆ ಹೂವಿನ ಬಟ್ಟೆ ಹಾಸಿದಳು. ಶಾಲೆಯ ವಾರ್ಷಿಕೋತ್ಸವದ ಊಟಕ್ಕೆ ಕೇಳಿಕೊಂಡು ಬಂದ ಟೀಚರಿಗೆ ಮೊದಲ ಸಲ, "ಎಷ್ಟು ಬೇಕು ಹೇಳಿ" ಎಂದಳು.

ಹಿತ್ತಲ ಸೂರಿನ ಕೆಳಗೆ, ಬಿದಿರಿನ ಪಂಜರದಲ್ಲಿ, ಮುಸುಕಿಲ್ಲದೆ ಕೂತ ಪಂಗೇರಾನ್ ಅಡುಗೆಯನ್ನೆಲ್ಲ ನೋಡುತ್ತಿತ್ತು. ಗುನಾರ್ಸೊ ಸಿಗರೇಟನ್ನು ಅರ್ಧಕ್ಕಿಳಿಸಿದ್ದ. ಅದರ ಸಿಡುಕನ್ನು ಮಿಡತೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ವುರ್ಯಾನಿ ಕೋಳಿ ಕತ್ತರಿಸುತ್ತ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಯಕೃತ್ತಿನ ಒಂದು ಸಣ್ಣ ಚೂರನ್ನು ಕಡ್ಡಿಗೆ ಚುಚ್ಚಿ ಪಂಜರದೊಳಗೆ ಚಾಚಿದಳು. ಹಕ್ಕಿ ತಲೆ ಓರೆ ಮಾಡಿ ನೋಡಿ, ಕಿತ್ತುಕೊಂಡು, ನುಂಗಿತು. ಸಾಲದೆಂಬಂತೆ ಟಿಟ್ ಎಂದಿತು.

"ಮುಚ್ಚು ಬಾಯಿ," ಎಂದಳು.

ವಾರ್ಷಿಕೋತ್ಸವದ ಹಿಂದಿನ ದಿನ ಎರಡು ಕುಕ್ಕರೂ ಬೇಯುತ್ತಿದ್ದವು, ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು, ಫ್ರೀಜರು ಗುರುಗುಟ್ಟುತ್ತಿತ್ತು. ಆ ಎಲ್ಲದರ ನಡುವೆ ಮತ್ತೆ ಆ ಸದ್ದು. ಟಿಟ್, ಟಿಟ್, ಟಿಟ್. ವುರ್ಯಾನಿ ಸೌಟು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಆಲಿಸಿದಳು. ಹಿತ್ತಲಿಂದಲೋ ಜಗಲಿಯಿಂದಲೋ ತಿಳಿಯಲಿಲ್ಲ. ಈಗ ಕರೆಂಟ್ ಹೋದರೆ ಕುಕ್ಕರಿನ ಅನ್ನ ಅರೆಬೆಂದು ನಿಲ್ಲುತ್ತದೆ, ಮಸಾಲೆ ಹಚ್ಚಿಟ್ಟ ಅಷ್ಟೂ ಕೋಳಿ ಕರಗುತ್ತದೆ.

"ಮಸ್! ಅದು ಮೀಟರಾ, ನಿಮ್ಮ ರಾಜಕುಮಾರನಾ?"

ಗುನಾರ್ಸೊನ ಚಪ್ಪಲಿ ಜಗಲಿಗೆ ಓಡಿತು. ಸ್ಟೂಲು ಎಳೆದ ಸದ್ದಾಯಿತು. ಆಮೇಲೆ ಚಪ್ಪಲಿ ಹಿತ್ತಲಿಗೆ ಬಂತು, ಒಂದು ಕ್ಷಣ ನಿಂತಿತು. ಕೊನೆಗೆ ಅವನು ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡ.

"ಎರಡೂ," ಎಂದ.

ವುರ್ಯಾನಿ ಸೌಟನ್ನು ಪಾತ್ರೆಗೆ ಕುಕ್ಕಿ, ಪರ್ಸಿನಿಂದ ನೋಟು ತೆಗೆದಳು. ಅವನು ಕೈ ಚಾಚಿದ. ಅವಳು ಕೊಡಲಿಲ್ಲ.

"ಮಿಡತೆಗೆ ನಿಮ್ಮ ಜೇಬು," ಎಂದು ಒಲೆಯ ಉರಿ ತಗ್ಗಿಸಿ, ಚಪ್ಪಲಿ ಮೆಟ್ಟಿಕೊಂಡು, ರೀಚಾರ್ಜ್ ತರಲು ತಾನೇ ಹೊರಟಳು.